ಮೇಲಿನ ಎಡ ಕೋರೆ

ಪುಂಟಾ ಅರೀನಸ್‌ನಲ್ಲಿ ನವೆಂಬರ್ ಎಂದರೆ ಗಾಳಿ.
ಮಂದಿ ಹಾರಿಹೋಗದಿರಲೆಂದು
ಬೀದಿಯ ತಿರುವಿಗೆ ಹಗ್ಗ ಕಟ್ಟಿರುತ್ತಾರೆ,
ಹಿಡಿದುಕೊಂಡೇ ಮನೆ ಸೇರುತ್ತೇನೆ.
ರಾತ್ರಿ ಹತ್ತಾದರೂ ಬೆಳಕು ಎದ್ದುಹೋಗುವುದಿಲ್ಲ.
ಅಷ್ಟುದ್ದದ ಸಂಜೆಯನ್ನು
ಒಬ್ಬಳೇ ಏನು ಮಾಡುವುದು?

ಗಂಡಸರನ್ನು ನೋಡುತ್ತೇನೆ.
ಫೋನಿನಲ್ಲಿ.

ಅಕ್ಕನ ಮಗಳು ಹಾಕಿಕೊಟ್ಟದ್ದು.
"ಬೇಡವಾದರೆ ಎಡಕ್ಕೆ ತಳ್ಳು ಚಿಕ್ಕಮ್ಮ, ಬೇಕಾದರೆ ಬಲಕ್ಕೆ."
ಇಷ್ಟು ಸಲೀಸೆಂದು ಮೊದಲೇ ಗೊತ್ತಿದ್ದರೆ
ಇವಳ ಚಿಕ್ಕಪ್ಪನ ಜೊತೆ ಹದಿನೇಳು ವರ್ಷ
ಹೆಣಗುತ್ತಿರಲಿಲ್ಲ.
ವಯಸ್ಸು ನಲವತ್ತೊಂಬತ್ತು ಎಂದು ಬರೆದಳು.
ಐವತ್ತಮೂರು ಕಣೇ ಎಂದೆ. ಎಲ್ಲರೂ ಹೀಗೇ ಎಂದಳು.
ಕೆಲಸ: ಆರೋಗ್ಯ ಕ್ಷೇತ್ರ.
ಕಟ್ಟುಹಲ್ಲು ಮಾಡುವವಳು ಎಂದರೆ
ಯಾರು ತಳ್ಳುತ್ತಾರೆ ಬಲಕ್ಕೆ?

ಮೀನು ಎತ್ತಿ ಹಿಡಿದವರೇ ಬಹಳ.
ಕುರಿಯ ಜೊತೆ ಒಬ್ಬ, ಜೀಪಿನ ಜೊತೆ ಒಬ್ಬ,
ಕತ್ತರಿಸಿ ತೆಗೆದ ಹೆಂಡತಿಯ
ಉಳಿದ ಬೆರಳುಗಳು ಹೆಗಲ ಮೇಲಿರುವ ಒಬ್ಬ.
ಕಣ್ಣು ನೋಡು ಚಿಕ್ಕಮ್ಮ, ಕಣ್ಣು ಸುಳ್ಳು ಹೇಳುವುದಿಲ್ಲ.
ನಾನು ಹಲ್ಲು ನೋಡುತ್ತೇನೆ.

ಇವನು ನಿದ್ದೆಯಲ್ಲಿ ಮಸೆಯುತ್ತಾನೆ: ಸಾಲವೋ, ಸಿಟ್ಟೋ.
ಇವನು ಮಾತೆಯ ನಳಿಗೆಯನ್ನು
ಮೂವತ್ತು ವರ್ಷದಿಂದ ಒಂದೇ ಮಗ್ಗುಲಲ್ಲಿ ಚೀಪಿದ್ದಾನೆ.
ತುಟಿ ಬಿಗಿದು ನಕ್ಕವನಿಗೆ ಮುಂದಿನೆರಡು ಇಲ್ಲ.
ಕೆಳಗೆ ಬರೆದಿದ್ದಾನೆ:
ನನಗೆ ಪ್ರಾಮಾಣಿಕತೆ ಮುಖ್ಯ.

ಗುರುವಾರ, ಮೂವತ್ತೆಂಟು ಕಿಲೋಮೀಟರ್ ದೂರದಲ್ಲಿ,
ಜಲಸಂಧಿಯಾಚೆ ಪೊರ್ವೆನೀರ್‌ನಲ್ಲಿ,
ಉಣ್ಣೆಟೊಪ್ಪಿಯವನೊಬ್ಬ ನಾಯಿಯ ಪಕ್ಕ ಕೂತು
ಬಾಯ್ತುಂಬ ನಗುತ್ತಿದ್ದ.
ಎಲಿಸೆಯೊ ಬಾರ್ರೀಯಾ, ಐವತ್ತೇಳು.
ಮೇಲಿನ ಎಡ ಕೋರೆ ಕೂದಲೆಳೆಯಷ್ಟು ಹೊರಗೆ ತಿರುಗಿತ್ತು.

ತಿರುಗಿಸಿದವಳು ನಾನು.

ಮೇಣ ಕಾಯಿಸಿ, ಉಸಿರು ಕಟ್ಟಿ, ಒಂದೇ ಒಂದು ಎಳೆ.
ಸಾಲಾಗಿ ಜೋಡಿಸಿದರೆ ಹಲ್ಲು ಹಲ್ಲಿನ ಹಾಗಿರುವುದಿಲ್ಲ,
ಬೇಲಿಯ ಹಾಗಿರುತ್ತದೆ.
ಡಾಕ್ಟರು ಎರಡು ಸಲ ವಾಪಸು ಕಳಿಸಿದರು, ಸೊಟ್ಟಗಿದೆ ಎಂದು.
ಎರಡು ಸಲವೂ ಹಾಗೇ ಕಳಿಸಿದೆ.
ದೇವರು ಯಾರ ಬಾಯಲ್ಲಿ
ಸ್ಕೇಲಿಟ್ಟು ನೆಟ್ಟಿದ್ದಾನೆ?

ಅವನು ಬರೆದುಕೊಂಡಿದ್ದ:
ಆಲೂಗಡ್ಡೆ ಇಷ್ಟ, ನಾಯಿ ಇಷ್ಟ, ಗಾಳಿ ನಿಂತ ದಿನ ಇಷ್ಟ.
ಫೋಟೋದಲ್ಲಿ ಕಾಣುವುದೆಲ್ಲ ನನ್ನದೇ.

ಅಲ್ಲ ಸ್ವಾಮೀ, ನನ್ನದು.
ಒಬ್ಬಳೇ ನಕ್ಕೆ. ಇಷ್ಟು ದೊಡ್ಡ ಮೆಚ್ಚುಗೆಯನ್ನು
ಇಷ್ಟು ದೊಡ್ಡ ಸುಳ್ಳಿನಲ್ಲಿ ಯಾರೂ ಹೇಳಿರಲಿಲ್ಲ.
ನನ್ನ ನಾಲ್ಕು ವರ್ಷ, ಅವನ ಹದಿನಾಲ್ಕು ಹಲ್ಲು.
ಲೆಕ್ಕ ಚುಕ್ತಾ ಅಲ್ಲ. ಇರಲಿ.

ನಮ್ಮಲ್ಲಿಗೆ ಬಾಯಿಗಳು ಬರುವುದು ಡಬ್ಬಿಯಲ್ಲಿ,
ಹತ್ತಿ ಸುತ್ತಿಕೊಂಡು, ಹೆಸರಿಲ್ಲದೆ.
ಮರುದಿನ ಕಪಾಟಿನ ಮೇಲಟ್ಟದಿಂದ
ನಾನೂರ ಹದಿನೇಳನ್ನು ಇಳಿಸಿ ಧೂಳು ಊದಿದೆ.
ಅಂಗುಳಿನ ಏರಿಳಿತದ ಮೇಲೆ ಹೆಬ್ಬೆರಳು ಆಡಿಸಿದೆ,
ಅವನ ನಾಲಗೆಗೆ ಬಿಟ್ಟು
ಇನ್ನಾರಿಗೂ ಗೊತ್ತಿರದ ದಿಬ್ಬಗಳು.
ಎಡಗಡೆ ಒಸಡು ತೆಳುವು. ಆಗಲೇ ಅಂದುಕೊಂಡಿದ್ದೆ,
ಇಲ್ಲಿ ನೋಯುತ್ತದೆ ಇವನಿಗೆ ಎಂದು.
ಹೇಳಲು ವಿಳಾಸವಿರಲಿಲ್ಲ.

ಬಲಕ್ಕೆ ತಳ್ಳಿದೆ.

ಶನಿವಾರ ಗಾಳಿ ಹೆಚ್ಚಾಗಿ ಹಡಗು ಬಿಡಲಿಲ್ಲ.
ಸಂದೇಶಕ್ಕೆ ಹಡಗು ಬೇಡವಲ್ಲ.
"ನಿಮ್ಮ ನಗು ಚೆನ್ನಾಗಿದೆ."
ನನ್ನ ಫೋಟೋದಲ್ಲಿ ನಾನು ಬಾಯಿ ಮುಚ್ಚಿದ್ದೆ.

ಧನ್ಯವಾದ ಎಂದು ಬರೆದು ಅಳಿಸಿದೆ.
ನಿಮ್ಮದೂ ಎಂದು ಬರೆದು ಅಳಿಸಿದೆ.
ಗುರುತಿಲ್ಲದವನಿಗೆ
ಗುರುತಿರುವವಳು ಮೊದಲು ಏನು ಕೇಳಬೇಕು?
ಹಲ್ಲಿದ್ದಾಗ ಕಡಲೆ ಇರಲಿಲ್ಲ,
ಕಡಲೆ ಬಂದಾಗ ಇದೊಂದು ಪೇಚು.

ಕೊನೆಗೆ ಕೇಳಿದೆ:
ರೊಟ್ಟಿಯ ಗಟ್ಟಿ ಅಂಚು ಕಚ್ಚುವಾಗ
ಮೇಲೆ, ಎಡಗಡೆ, ಒತ್ತುತ್ತದೆಯೇ?

ಮೂರು ಚುಕ್ಕಿ ಮೂಡಿದವು. ಹೋದವು.
ತಗಡಿನ ಮಾಡು ಗಾಳಿಗೆ ಗಡಗಡಿಸಿತು.
ಮತ್ತೆ ಮೂಡಿದವು,
ಎಳೆಗೂಸಿನ ಒಸಡಿನಲ್ಲಿ ಮೂಡುವ ಹಾಗೆ.

"ಒತ್ತುತ್ತದೆ."

ಸ್ವಲ್ಪ ಹೊತ್ತು ಬಿಟ್ಟು,
"ಚಳಿ ಬಿದ್ದಾಗ ಜಾಸ್ತಿ."